‘ತಿಂಡಿ ಆಯ್ತಾ’ ಎಂದು ಕೇಳಿದ್ದಕ್ಕೆ

ನಮ್ಮ ತುಮಕೂರಿನ ಕಡೆ ಬೆಳಿಗ್ಗೆ ಎದುರಿಗೆ ಸಿಕ್ಕವರನ್ನು ‘ತಿಂಡಿ ಆಯ್ತಾ?’ ಎಂದು ಕೇಳದೆ ಮುಂದೆ ಹೋದರೆ ಮುನಿಸಿಕೊಂಡಿದ್ದಾರೆ ಅಂತಲೇ ಅರ್ಥ. ಕೇಳಿದವರಿಗೆ ಉತ್ತರ ಬೇಕೆಂದೇನೂ ಇರುವುದಿಲ್ಲ, ಉತ್ತರ ಕೊಡುವವರು ನಿಜ ಹೇಳಬೇಕೆಂದೂ ಇಲ್ಲ. ಗೋವಾದ ಕುಡಚಡೆಯ ಒಂದು ಸಣ್ಣ ಹೆಂಗಸರ ದವಾಖಾನೆಗೆ ನರ್ಸಾಗಿ ಸೇರಿದಾಗ ನಾನು ಈ ಅಭ್ಯಾಸವನ್ನೂ ಜೊತೆಗೇ ತಂದಿದ್ದೆ. ಬಾಗಿಲು ತೆಗೆದ ಕೂಡಲೇ ಬೆಂಚಿನ ಮೇಲೆ ಸಾಲಾಗಿ ಕೂತ ಹೆಂಗಸರನ್ನು ನೋಡಿ, ಬಾಯ್ತುಂಬ ನಕ್ಕು, ‘ಎಲ್ರಿಗೂ ತಿಂಡಿ ಆಯ್ತಾ?’ ಅನ್ನುತ್ತಿದ್ದೆ. ನನ್ನ ದನಿ ಸ್ವಲ್ಪ ದೊಡ್ಡದು. ಹೊರಗೆ ಅದಿರಿನ ಲಾರಿ ಹೋಗುತ್ತಿದ್ದರೂ ಕೇಳಿಸುತ್ತದೆ.

ಬೆಂಚಿನ ಮೇಲಿದ್ದವರಲ್ಲಿ ಹೆಚ್ಚಿನವರು ವಿಜಯಪುರ, ಬಾಗಲಕೋಟೆ ಕಡೆಯಿಂದ ದುಡಿಯಲು ಬಂದ ಮನೆಗಳ ಹೆಂಗಸರು. ನಾನು ಹಾಗೆ ಕೇಳಿದಾಗಲೆಲ್ಲ ಒಬ್ಬಳು ಸೆರಗನ್ನು ಬಾಯಿಗೆ ಒತ್ತಿಕೊಳ್ಳುತ್ತಿದ್ದಳು, ಇನ್ನೊಬ್ಬಳು ನೆಲ ನೋಡುತ್ತಿದ್ದಳು, ಬುರ್ಖಾ ಹಾಕಿದ ಹುಡುಗಿಯೊಬ್ಬಳು ಪಕ್ಕದವಳನ್ನು ಚಿವುಟಿ ಮುಖ ಆ ಕಡೆ ತಿರುಗಿಸುತ್ತಿದ್ದಳು. ಪಾಪ, ಏನೂ ತಿನ್ನದೆ ಬಂದಿದ್ದಾರೆ, ಹೇಳಿಕೊಳ್ಳಲು ಸಂಕೋಚ ಅಂದುಕೊಂಡೆ. ಒಂದು ದಿನ ಬಿಸ್ಕತ್ತಿನ ಪೊಟ್ಟಣ ತಂದು ಹಂಚಿಯೂ ಬಿಟ್ಟೆ. ಎಲ್ಲರೂ ತಿಂದರು, ಆದರೆ ಮುಖ ಮಾತ್ರ ಎತ್ತಲಿಲ್ಲ.

ನಮ್ಮ ಡಾಕ್ಟರ್ ಬಾಯಿ (ಇಲ್ಲಿ ಹೆಂಗಸರನ್ನು ಗೌರವದಿಂದ ಹಾಗೆ ಕರೆಯುತ್ತಾರೆ) ಮಡಗಾಂವ್ ಕಡೆಯವರು. ಕೊಂಕಣಿ, ಮರಾಠಿ, ಹಿಂದಿ ನೀರು ಕುಡಿದ ಹಾಗೆ ಮಾತಾಡುತ್ತಾರೆ, ಕನ್ನಡದಲ್ಲಿ ‘ನೋವು’ ಮತ್ತು ‘ಉಸಿರು’ ಎರಡೇ ಪದ ಬರುತ್ತಿದ್ದವು. ನನ್ನನ್ನು ಕೆಲಸಕ್ಕೆ ತೆಗೆದುಕೊಂಡದ್ದೇ ಕನ್ನಡದ ಹೆಂಗಸರ ಮಾತನ್ನು ಅವರಿಗೆ ಹಿಂದಿಯಲ್ಲಿ ದಾಟಿಸಲಿ ಎಂದು. ಕನ್ನಡ ಬಂದರೆ ಸಾಕು ಎಂದು ಅವರು ತಿಳಿದಿದ್ದರು. ನಾನೂ ಹಾಗೇ ತಿಳಿದಿದ್ದೆ.

ರೊಟ್ಟಿ ಆಯಿ ಬಂದದ್ದು ಮಳೆಗಾಲ ಮುಗಿಯುತ್ತಿದ್ದ ಒಂದು ದಿನ, ಬೆಳಗಿನ ಗಲಾಟೆ ಮುಗಿದು ಬೆಂಚು ಖಾಲಿಯಾದ ಮೇಲೆ. ಸ್ಟೇಷನ್ ರಸ್ತೆಯಲ್ಲಿ ತಗಡಿನ ಮಾಡಿನ ಕೆಳಗೆ ಲಾರಿ ಡ್ರೈವರುಗಳಿಗೆ, ಹಮಾಲರಿಗೆ ಜೋಳದ ರೊಟ್ಟಿ ಬಡಿದುಕೊಡುವ ಹೆಂಗಸು ಅವಳು. ಗಂಡ ಗಣಿ ಕೆಲಸಕ್ಕೆಂದು ಬಂದು ಎಂದೋ ತೀರಿಕೊಂಡಿದ್ದ, ಮಗ ಲಾರಿ ಓಡಿಸುತ್ತಿದ್ದ, ಮನೆಯಲ್ಲಿ ಸೊಸೆ ಇದ್ದಳು. ಆಯಿ ಅಂದರೆ ಅವಳ ಊರಿನ ಕಡೆ ಅಜ್ಜಿ, ಗೋವಾದವರಿಗೆ ಅಮ್ಮ. ಹಾಗಾಗಿ ಊರಿಗೆಲ್ಲ ಅವಳು ಆಯಿಯೇ. ಆಯಿ ಎಂದ ಮೇಲೆ ಏಕವಚನ ತಾನಾಗಿ ಬರುತ್ತದೆ, ನಾನೂ ಇಲ್ಲಿ ಹಾಗೇ ಬರೆಯುತ್ತೇನೆ.

ಅವಳು ಹೊಸ್ತಿಲ ಮೇಲೆ ನಿಂತು ಒಳಗೆ ಬರಲೋ ಬೇಡವೋ ಎಂದು ಅನುಮಾನಿಸುತ್ತಿದ್ದಳು. ನಾನು ಎಂದಿನಂತೆ, ಆದರೆ ಒಬ್ಬಳೇ ಇದ್ದಾಳೆಂದು ಮೆಲ್ಲಗೆ, ‘ತಿಂಡಿ ಆಯ್ತಾ ಆಯಿ?’ ಎಂದು ಕೇಳಿದೆ. ಅವಳು ಹಿಂದೆ ಮುಂದೆ ನೋಡಿ, ಹತ್ತಿರ ಬಂದು ನನ್ನ ಎರಡೂ ಕೈ ಹಿಡಿದುಕೊಂಡಳು.

‘ಆಗೇತ್ರಿ ಸಿಸ್ಟರವ್ವ, ಭಾಳ ಆಗೇತಿ. ರಾತ್ರಿ ನಿದ್ದಿ ಇಲ್ಲ. ಇಷ್ಟ ದಿನಾ ಒಬ್ಬರೂ ಕೇಳಿದ್ದಿಲ್ಲ ನೋಡ್ರಿ, ನೀವ ಕೇಳಿದ್ರಿ.’

ಕಣ್ಣಲ್ಲಿ ನೀರಿತ್ತು. ತಿಂಡಿ ಆಯ್ತಾ ಎಂದು ಕೇಳಿದ್ದಕ್ಕೆ ಅಳುವ ಜೀವ ಎಂಥದಿರಬಹುದು ಅನ್ನಿಸಿತು. ಆ ಕ್ಷಣಕ್ಕೇ ಅವಳು ನನಗೆ ಇಷ್ಟವಾಗಿಬಿಟ್ಟಳು. ಡಾಕ್ಟರಿಗೆ ಹೋಗಿ, ಬೆಳಿಗ್ಗೆ ತಿನ್ನುವುದು ಹೆಚ್ಚಾಗಿದೆಯಂತೆ, ರಾತ್ರಿ ನಿದ್ದೆ ಬರುತ್ತಿಲ್ಲವಂತೆ ಎಂದು ಹೇಳಿದೆ. ಉರಿ ಇದೆಯಾ ಕೇಳು ಎಂದರು. ಕೇಳಿದೆ, ಇದೆ ಎಂದಳು. ಎಲ್ಲ ಸರಿಯಾಗಿ ಕೂತಿತು. ಹುಳಿ ತೇಗಿಗೆ ಮಾತ್ರೆ ಬರೆದು, ಖಾರ ಕಮ್ಮಿ ಮಾಡಬೇಕು ಎಂದರು. ಖಾರದ ಮಾತಿಗೆ ಆಯಿಯೂ ಹೌದೆಂದು ತಲೆಯಾಡಿಸಿದಳು, ಏಕೆಂದರೆ ಅವಳ ಲೆಕ್ಕದಲ್ಲೂ ಇದೆಲ್ಲ ಉಷ್ಣದ್ದೇ ಕಾಟ.

ಕೆಲವು ದಿನ ಕಳೆದು ಮತ್ತೆ ಬಂದಳು. ಬಿಳಿ ಬಟ್ಟೆಯಲ್ಲಿ ಸುತ್ತಿದ ಬಿಸಿ ರೊಟ್ಟಿ, ಶೇಂಗಾ ಹಿಂಡಿ ಎನ್ನುವ ಚಟ್ನಿಪುಡಿ ನನ್ನ ಮೇಜಿನ ಮೇಲಿಟ್ಟು, ಗುಳಿಗಿ ಚಲೋ ಅದಾವ, ಮೇಲಿನ ಉರಿ ನಿಂತಿತು ಎಂದಳು. ಆಮೇಲೆ ದನಿ ತಗ್ಗಿಸಿ, ಕೆಳಗಿಂದು ಮಾತ್ರ ಹಂಗೇ ಐತಿ ಎಂದಳು. ಕೆಳಗೆ ಅಂದರೆ ಎಲ್ಲಿ ಎಂದೆ. ಅವಳು ಎಡಗೈ ಚಾಚಿ ಬಲಗೈ ಉಗುರಿನಿಂದ ಮಣಿಕಟ್ಟನ್ನು ಪರಪರ ಕೆರೆದು ತೋರಿಸಿ, ಕಣ್ಣನ್ನು ಸೊಂಟದ ಕೆಳಗೆ ಇಳಿಸಿ, ‘ತಿಂಡಿ’ ಎಂದಳು.

ಆಗ ನನಗೆ ತಿಳಿಯಿತು. ಅವರ ಕಡೆ ತಿಂಡಿ ಎಂದರೆ ತುರಿಕೆ. ಬರೀ ತುರಿಕೆ ಅಷ್ಟೇ ಆಗಿದ್ದರೂ ಆಗಬಹುದಿತ್ತು. ಸುಮ್ಮನಿದ್ದವರ ಮೇಲೆ ಜಗಳಕ್ಕೆ ಹೋದರೂ ತಿಂಡಿ, ಹೆಂಗಸು ಪರಗಂಡಸಿನ ಕಡೆ ನೋಡಿ ನಕ್ಕರೂ ತಿಂಡಿ. ನಮ್ಮ ಕಡೆಯ ‘ತೀಟೆ’ ಇದೆಯಲ್ಲ, ಅದರ ಅಕ್ಕ. ಮನೆವಾರ್ತೆಯ ಹೆಂಗಸರ ಬೆಂಚಿನ ಮುಂದೆ ನಿಂತು ನಾನು ದಿನಾ ಬೆಳಿಗ್ಗೆ ಲಾರಿಗೂ ಕೇಳಿಸುವ ಹಾಗೆ ಕೇಳುತ್ತಿದ್ದದ್ದು ಇದನ್ನು, ಮೇಲೆ ಬಿಸ್ಕತ್ತು ಬೇರೆ ಹಂಚಿದ್ದೆ. ನೆನೆದು ನಗು ತಡೆಯಲಾಗದೆ ಆಯಿಗೆ ನಮ್ಮೂರಿನ ಅರ್ಥ ಹೇಳಿದೆ. ಅವಳು ಒಂದು ಗಳಿಗೆ ಬಾಯಿ ತೆರೆದು ನೋಡಿ, ಆಮೇಲೆ ಬೆಂಚಿನ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು. ಡಾಕ್ಟರಿಗೆ ಹೇಳಿದಾಗ ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಗು ಮುಗಿದ ಮೇಲೆ ಕನ್ನಡಕ ಹಾಕಿಕೊಂಡು, ಕರೆ ಅವರನ್ನು, ಮೊದಲಿನಿಂದ ಕೇಳೋಣ ಎಂದರು.

ಮೊದಲಿನಿಂದ ಕೇಳಿದಾಗ ನಗುವಂಥದ್ದೇನೂ ಉಳಿಯಲಿಲ್ಲ. ತುರಿಕೆ ಶುರುವಾಗಿ ವರ್ಷದ ಮೇಲಾಗಿತ್ತು. ಮುಟ್ಟು ನಿಂತು ಬಹಳ ಕಾಲವಾಗಿತ್ತು. ಆಯಿ ಮೊದಲು ಜೀರಿಗೆ ನೀರು ಕುಡಿದಳು, ಆಮೇಲೆ ಬೇವಿನ ಸೊಪ್ಪು ಕುದಿಸಿ ತೊಳೆದಳು, ಆಮೇಲೆ ಉಪ್ಪು ಹಾಕಿದ ಬಿಸಿನೀರು. ಅದಕ್ಕೂ ಕೇಳದಿದ್ದಾಗ ಗಾಯ ತೊಳೆಯುವ ಔಷಧಿಯನ್ನು ನೀರಿಗೆ ಸುರಿದುಕೊಂಡು ಹಲ್ಲುಕಚ್ಚಿ ಕೂತಳು. ಕೊನೆಗೆ ಔಷಧಿ ಅಂಗಡಿಗೆ ಹೋಗಿ, ಕಾಲ ಬೆರಳ ಸಂದಿಯಲ್ಲಿ ತುರಿಸುತ್ತದೆ ಎಂದು ಸುಳ್ಳು ಹೇಳಿ ಒಂದು ಮುಲಾಮು ತಂದಳು. ಅಂಗಡಿಯವನು ಕಾಲಿಗೇ ಕೊಟ್ಟ. ಹಚ್ಚಿದಾಗ ನಾಲ್ಕು ದಿನ ತಣ್ಣಗೆ, ಬಿಟ್ಟ ಕೂಡಲೇ ಮೊದಲಿಗಿಂತ ಜೋರು.

ಡಾಕ್ಟರ್ ಒಂದೊಂದಾಗಿ ಕೇಳುತ್ತಾ ಹೋದರು, ನಾನು ದಾಟಿಸುತ್ತಾ ಹೋದೆ. ಈ ಸಲ ಪ್ರತಿ ಪದವನ್ನೂ ಎರಡೆರಡು ಸಲ ಕೇಳಿ ಗಟ್ಟಿಮಾಡಿಕೊಂಡೆ. ಬಿಳಿ ಹೋಗುತ್ತದೆಯೇ, ಇಲ್ಲ. ಮೊಸರಿನ ಹಾಗೆ ಗರಣೆ, ಇಲ್ಲ. ಕೆಟ್ಟ ವಾಸನೆ, ಹಸಿರು ಹಳದಿ ನೀರು, ಅದೂ ಇಲ್ಲ. ಮೂತ್ರ ಮಾಡುವಾಗ ಉರಿ, ಹೌದು, ಚರ್ಮ ಬಿರಿದಲ್ಲಿ ತಾಗಿದಾಗ ಮಾತ್ರ. ಮನೆಯಲ್ಲಿ ಸಕ್ಕರೆ ಕಾಯಿಲೆ ಯಾರಿಗಾದರೂ, ಗೊತ್ತಿಲ್ಲ. ಡಾಕ್ಟರ್ ಪೆನ್ನು ಕೆಳಗಿಟ್ಟು, ನೋಡದೆ ಹೇಳಲಾಗುವುದಿಲ್ಲ, ಒಳಗೆ ಮಂಚದ ಮೇಲೆ ಮಲಗಲಿ ಎಂದರು.

ಆಯಿ ಎದ್ದು ನಿಂತಳು, ಒಳಗೆ ಹೋಗಲಿಕ್ಕಲ್ಲ, ಹೊರಗೆ ಹೋಗಲಿಕ್ಕೆ. ಹೆರಿಗೆಯನ್ನೇ ಮನೆಯಲ್ಲಿ ಮಾಡಿಕೊಂಡ ಹೆಂಗಸು, ಈ ವಯಸ್ಸಿನಲ್ಲಿ ದೀಪ ಹಾಕಿ ತೋರಿಸುವುದೇ? ನಾನು ಎಷ್ಟು ಹೇಳಿದರೂ ಬೇಡ, ಗುಳಿಗೆ ಕೊಡಲಿ ಎಂದಳು. ಬಾಗಿಲ ತನಕ ಹೋದವಳು ತಿರುಗಿ ಬಂದು ನನ್ನ ಕಿವಿಯಲ್ಲಿ ಹೇಳಿದ್ದು ಇಷ್ಟು.

‘ಗಂಡ ಸತ್ತಾಕಿಗಿ ತಿಂಡಿ ಅಂದ್ರ ಮಂದಿ ಏನ ತಿಳಕೊಂತಾರ್ರಿ? ನನ್ನ ಸೊಸಿ ಕಿವಿಗಿ ಬಿದ್ರ ನಾ ಒಲಿ ಮುಂದ ಹೆಂಗ ಕುಂಡ್ರಲಿ?’

ಒಂದು ಚರ್ಮದ ಕಾಯಿಲೆಯ ಹೆಸರನ್ನೇ ನಡತೆಯ ಹೆಸರು ಮಾಡಿಟ್ಟವರ ಮೇಲೆ ನನಗೆ ಆವತ್ತು ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ಡಾಕ್ಟರ್ ಅರೆಮನಸ್ಸಿನಿಂದ ಒಂದು ರಾಜಿ ಮಾಡಿಕೊಂಡರು. ರಕ್ತದಲ್ಲಿ ಸಕ್ಕರೆ, ಮೂತ್ರ, ಎರಡೂ ಪರೀಕ್ಷೆ ಮಾಡಿಸಿದರು. ಪದೇ ಪದೇ ತುರಿಕೆಯಾಗುವ ಹೆಂಗಸರಲ್ಲಿ ಎಷ್ಟೋ ಸಲ ಸಕ್ಕರೆ ಕಾಯಿಲೆ ಹೀಗೇ ಮೊದಲು ತಲೆ ಹಾಕುತ್ತದೆ. ಎರಡೂ ಸರಿಯಾಗಿಯೇ ಬಂದವು. ಶಿಲೀಂಧ್ರದ ಸೋಂಕೇ ಇರಬಹುದೆಂದು ಒಂದೇ ಒಂದು ಸಲ ಅದಕ್ಕೆ ಔಷಧಿ ಕೊಟ್ಟು, ಸೋಪು, ಉಪ್ಪು, ಬೇವು, ಗಾಯದ ಔಷಧಿ ಎಲ್ಲ ಬಿಡಬೇಕು, ಬರೀ ನೀರಲ್ಲಿ ತೊಳೆಯಬೇಕು, ಕಮ್ಮಿಯಾಗದಿದ್ದರೆ ಬಂದು ತೋರಿಸಲೇಬೇಕು ಎಂದರು. ಆಯಿ ಎಲ್ಲದಕ್ಕೂ ಹ್ಞೂಂ ಎಂದು ಹೋದವಳು ಮತ್ತೆ ಬರಲಿಲ್ಲ. ರೊಟ್ಟಿಯೂ ಬರಲಿಲ್ಲ. ಗುಣವಾಗಿರಬೇಕು ಎಂದು ಸಮಾಧಾನ ಮಾಡಿಕೊಂಡೆ, ಬೆಳಗಿನ ನನ್ನ ಪ್ರಶ್ನೆಯನ್ನೂ ‘ನಾಷ್ಟಾ ಆತೇನ್ರಿ’ ಎಂದು ಬದಲಾಯಿಸಿಕೊಂಡೆ. ಈಗ ಎಲ್ಲರೂ ಮುಖ ಎತ್ತಿ ಉತ್ತರ ಕೊಡುತ್ತಿದ್ದರು.

ದೀಪಾವಳಿ ಹತ್ತಿರ ಬಂದಾಗ ಒಬ್ಬ ಎಳೆಯ ಹೆಂಗಸು ಬಂದಳು. ಕೇಳುವ ಮೊದಲೇ ಸೆರಗಿನ ಗಂಟು ಬಿಚ್ಚಿ, ಅರ್ಧ ಹಿಂಡಿದ ಒಂದು ಮುಲಾಮಿನ ಟ್ಯೂಬನ್ನು ಮೇಜಿನ ಮೇಲಿಟ್ಟಳು. ಕೆಳಗೆ ಕಡಿತ, ಮೊಸರಿನ ಹಾಗೆ ಬಿಳಿ ಹೋಗುತ್ತದೆ, ಇದನ್ನು ಹಚ್ಚಿ ಇನ್ನೂ ಹೆಚ್ಚಾಯಿತು ಎಂದಳು. ಎಲ್ಲಿಯ ಮುಲಾಮು ಎಂದು ಕೇಳಿದೆ. ಅತ್ತೆ ಕಾಲಿಗೆಂದು ತಂದು ಜೋಳದ ಹಿಟ್ಟಿನ ಡಬ್ಬಿಯ ಹಿಂದೆ ಬಚ್ಚಿಟ್ಟಿದ್ದಳಂತೆ, ಇವಳು ಕದ್ದು ಹಚ್ಚುತ್ತಿದ್ದಳಂತೆ. ಅತ್ತೆ ಯಾರು ಎಂದು ಕೇಳಬೇಕಾಗಲಿಲ್ಲ. ಒಂದೇ ಖೋಲಿಯಲ್ಲಿ ಮಲಗುವ ಇಬ್ಬರು ಹೆಂಗಸರು ಒಬ್ಬರಿಗೊಬ್ಬರು ತಿಳಿಯದ ಹಾಗೆ ಒಂದೇ ಟ್ಯೂಬು ಹಿಂಡುತ್ತಿದ್ದರು.

ಅವಳದ್ದು ಸುಲಭದ್ದು. ಮಂಚದ ಮೇಲೆ ಮಲಗಲು ಎರಡನೇ ಸಲ ಹೇಳಿಸಿಕೊಳ್ಳಲಿಲ್ಲ. ಶಿಲೀಂಧ್ರದ ಸೋಂಕು, ಮುಲಾಮಿನಲ್ಲಿದ್ದ ಸ್ಟೀರಾಯ್ಡ್ ಅದನ್ನು ಮೇಲೆ ಮೇಲೆ ಮುಚ್ಚಿ ಒಳಗೆ ಬೆಳೆಸಿತ್ತು. ಡಾಕ್ಟರ್ ಮೊದಲು ಬಸುರಿಯೋ ಅಲ್ಲವೋ ಎಂದು ಪರೀಕ್ಷೆ ಮಾಡಿಸಿ, ರಾತ್ರಿ ಯೋನಿಯೊಳಗೆ ಇಟ್ಟುಕೊಳ್ಳುವ ಮಾತ್ರೆ ಕೊಟ್ಟರು, ಟ್ಯೂಬನ್ನು ಕಸದ ಬುಟ್ಟಿಗೆ ಹಾಕಿದರು. ಹೋಗುವ ಮುಂಚೆ ಅವಳು, ಅತ್ತೆಗೆ ಹೇಳಬೇಡಿ ಎಂದು ನನ್ನ ಹತ್ತಿರ ಮಾತು ತೆಗೆದುಕೊಂಡಳು. ಸೊಸೆಗೆ ಹೇಳಬೇಡಿ ಎಂದು ಅತ್ತೆಯೂ ತೆಗೆದುಕೊಂಡಿದ್ದಳು. ಎರಡನ್ನೂ ಹೊಟ್ಟೆಯಲ್ಲಿ ಇಟ್ಟುಕೊಂಡು, ಅತ್ತೆ ಹೇಗಿದ್ದಾರೆ ಎಂದಷ್ಟೇ ಕೇಳಿದೆ.

ಏನೋ ಮೊಣಕಾಲು ನೋವಂತೆ, ಈಗ ಕೂತು ರೊಟ್ಟಿ ಬಡಿಯಲು ಆಗುವುದಿಲ್ಲ, ಮೇಜಿನ ಮೇಲೆ ಒಲೆ ಇಟ್ಟುಕೊಂಡು ನಿಂತೇ ಬಡಿಯುತ್ತಾಳೆ ಎಂದಳು. ಜೀವಮಾನವೆಲ್ಲ ಕುಕ್ಕರುಗಾಲಲ್ಲಿ ಕೂತು ರೊಟ್ಟಿ ಬಡಿದವಳು ಎದ್ದು ನಿಂತಿದ್ದಾಳೆ ಎಂದರೆ ಅದು ಮೊಣಕಾಲಿನ ನೋವಲ್ಲ.

ಅವತ್ತು ಸಂಜೆ ಕೆಲಸ ಬಿಟ್ಟವಳು ಸೀದಾ ಸ್ಟೇಷನ್ ರಸ್ತೆಗೆ ಹೋದೆ. ಆಯಿ ನನ್ನನ್ನು ನೋಡಿ ಕಳ್ಳತನದಲ್ಲಿ ಸಿಕ್ಕಿಬಿದ್ದವರ ಹಾಗೆ ನಕ್ಕಳು. ಗಿರಾಕಿಗಳು ಹೋದ ಮೇಲೆ ಕೇಳಿದೆ. ಕೊಟ್ಟ ಮಾತ್ರೆಯಿಂದ ಏನೂ ಆಗಲಿಲ್ಲ, ಮತ್ತೆ ಬಂದರೆ ತೋರಿಸಬೇಕಾಗುತ್ತದೆ ಎಂದು ಬರಲಿಲ್ಲ. ಕೆರೆದು ಕೆರೆದು ರಕ್ತ ಬರುತ್ತದೆ. ಒಂದು ಕಡೆ ಬಿರಿದದ್ದು ಮಾಯುತ್ತಲೇ ಇಲ್ಲ, ಅದರ ಪಕ್ಕದಲ್ಲಿ ಕೈಗೆ ಏನೋ ಸಿಗುತ್ತದೆ, ಜೋಳದ ಕಾಳಿನಷ್ಟು. ಇಷ್ಟು ಹೇಳಿ, ಇನ್ನೊಂದು ಸಲ ಗುಳಿಗೆ ತಂದುಕೊಡಿ ಎಂದು ಕೇಳಿದಳು.

ನಾನು ಇಂಥ ಹೊತ್ತಿನಲ್ಲಿ ಸುತ್ತಿ ಬಳಸಿ ಹೇಳುವವಳು. ಹೆದರಿಸಬಾರದು, ನಿಧಾನಕ್ಕೆ ಒಲಿಸಬೇಕು ಎಂದು ನಮಗೆ ಕಲಿಸಿದ್ದೂ ಹಾಗೆಯೇ. ಆದರೆ ಅಲ್ಲಿ ನಿಂತಾಗ ಇವಳಿಗೆ ನಿಜ ಹೇಳದಿದ್ದರೆ ಇವಳನ್ನು ಕಳೆದುಕೊಳ್ಳಬಹುದು ಅನ್ನಿಸಿತು. ಅವಳ ಕೈಯಲ್ಲಿದ್ದ ಹಿಟ್ಟಿನ ಮುದ್ದೆ ಕೆಳಗಿಡಿಸಿದೆ.

‘ಆಯಿ, ಇನ್ಮೇಲೆ ನೋಡ್ದೆ ಮಾತ್ರೆ ಇಲ್ಲ, ನಾನೇ ಕೊಡ್ಸಲ್ಲ. ಮಾಯದೇ ಇರೋ ಗಾಯ, ಗಂಟು ಅಂದ್ರೆ ಅದು ಕ್ಯಾನ್ಸರ್ ಆಗಿರ್ಬಹುದು. ಆಗಿಲ್ದೇನೂ ಇರ್ಬಹುದು. ನೋಡೋವರ್ಗೂ ನಂಗೂ ಗೊತ್ತಾಗಲ್ಲ, ಡಾಕ್ಟ್ರಿಗೂ ಗೊತ್ತಾಗಲ್ಲ.’

ಹಂಚಿನ ಮೇಲಿದ್ದ ರೊಟ್ಟಿ ಕರಿಯಾಗಿ ಹೊಗೆ ಬಂದರೂ ಆಯಿ ತೆಗೆಯಲಿಲ್ಲ, ನಾನೇ ತೆಗೆದೆ. ಆಮೇಲೆ ಮೆಲ್ಲಗೆ ಹೇಳಿದಳು: ‘ಮದಲ ನೀವಷ್ಟ ನೋಡ್ರಿ. ನೀವ ಕೇಳಿದಾಕಿ.’

ಮರುದಿನ ಬೆಂಚು ಖಾಲಿಯಾಗುವುದನ್ನು ಕಾದು ಬಂದಳು. ಡಾಕ್ಟರಿಗೆ ವಿಷಯ ಹೇಳಿದ್ದೆ, ಅವರು ತಾವಾಗಿಯೇ ಚಹಾ ಕುಡಿಯಲು ಹೊರಗೆ ಹೋದರು. ಬಾಗಿಲು ಹಾಕಿ, ಪರದೆ ಎಳೆದೆ. ಸೀರೆ ಬಿಚ್ಚಬೇಕಿಲ್ಲ, ಮೇಲಕ್ಕೆ ಸರಿಸಿಕೊಂಡರೆ ಸಾಕು ಎಂದು ಮೇಲೊಂದು ಹೊದಿಕೆ ಕೊಟ್ಟೆ. ಮಂಡಿ ಮಡಚಿ ಅಂಗಾತ ಮಲಗುವುದು ಅವಳಿಗೆ ಕಷ್ಟ ಎಂದು ಎಡಮಗ್ಗುಲಾಗಿ, ಗೋಡೆಗೆ ಮುಖ ಮಾಡಿ ಮಲಗಿಸಿದೆ. ಹೀಗೂ ನೋಡಬಹುದು ಎಂದು ಬಹಳ ಹೆಂಗಸರಿಗೆ ತಿಳಿದಿಲ್ಲ, ತಿಳಿದರೆ ಅರ್ಧ ನಾಚಿಕೆ ಅಲ್ಲೇ ಇಳಿಯುತ್ತದೆ. ಕೈಗವಸು ಹಾಕಿಕೊಂಡು, ಮುಟ್ಟುವ ಮೊದಲು ಈಗ ಮುಟ್ಟುತ್ತೇನೆ ಎಂದು ಹೇಳಿ, ದೀಪ ಹತ್ತಿರ ಎಳೆದುಕೊಂಡೆ.

ಚರ್ಮ ಎಂಟಂಕಿಯ ಆಕಾರದಲ್ಲಿ ಬೆಳ್ಳಗೆ, ಈರುಳ್ಳಿಯ ಒಳಪೊರೆಯಷ್ಟು ತೆಳ್ಳಗೆ ಹೊಳೆಯುತ್ತಿತ್ತು. ಒಳತುಟಿಗಳು ಕರಗಿ ಅಂಟಿಕೊಂಡಿದ್ದವು. ಬಿರುಕು, ಕೆರೆದ ಗೀರು, ಒಂದು ಪಕ್ಕದಲ್ಲಿ ಸಣ್ಣಗೆ ಉಬ್ಬಿ ಗಡುಸಾದ ಜಾಗ. ಇದನ್ನು ಇಟ್ಟುಕೊಂಡು ಈ ಹೆಂಗಸು ವರ್ಷವಿಡೀ ಬೆಂಕಿಯ ಮುಂದೆ ಕೂತು ಊರಿಗೆ ರೊಟ್ಟಿ ಹಾಕಿದ್ದಳು. ನನಗೆ ಅಳು ಬಂತು, ಗೋಡೆಗೆ ಮುಖ ಮಾಡಿದ್ದರಿಂದ ಅವಳಿಗೆ ಕಾಣಲಿಲ್ಲ. ದನಿ ಸರಿಮಾಡಿಕೊಂಡು, ಆಯಿ, ನನಗೆ ಕಂಡಿತು, ಆದರೆ ಇದರ ಹೆಸರು ಹೇಳಲು ನನಗೆ ಬರುವುದಿಲ್ಲ, ಡಾಕ್ಟರು ಬರಲೇ ಎಂದು ಕೇಳಿದೆ. ಹೊದಿಕೆಯನ್ನು ತಲೆಯ ಮೇಲೆ ಎಳೆದುಕೊಂಡು, ಬರಲಿ ಎಂದಳು.

ಡಾಕ್ಟರ್ ನೋಡಿದ ಕೂಡಲೇ ಗುರುತಿಸಿದರು. ಲೈಕೆನ್ ಸ್ಕ್ಲೆರೋಸಸ್ ಎಂದರು. ಮುಟ್ಟು ನಿಂತ ಹೆಂಗಸರಲ್ಲಿ ಹೆಚ್ಚಾಗಿ ಕಾಣುವ ಚರ್ಮದ ಕಾಯಿಲೆ. ಅಂಟುವುದಿಲ್ಲ, ಗಂಡಸಿನ ಸಂಗದಿಂದ ಬರುವುದಿಲ್ಲ, ಉಷ್ಣದಿಂದಲೂ ಅಲ್ಲ, ಕೊಳಕಿನಿಂದಲೂ ಅಲ್ಲ. ಇದನ್ನು ನಾನು ಒಂದೊಂದಾಗಿ, ಗೋಡೆಯ ಕಡೆಗಿದ್ದ ಹೊದಿಕೆಗೆ ಹೇಳಿದೆ. ಗಂಡಸಿನ ಸಂಗದಿಂದ ಅಲ್ಲ ಎಂದಾಗ ಹೊದಿಕೆ ಸರಿಯಿತು, ಆಯಿ ತಿರುಗಿ, ಅದನ್ನು ಇನ್ನೊಂದು ಸಲ ಹೇಳಲು ಹೇಳಿದಳು. ಹೇಳಿದೆ.

ಆದರೆ ಗಡುಸಾದ ಜಾಗದ ಬಗ್ಗೆ ಡಾಕ್ಟರ್ ಮಾತು ಬೇರೆ. ಈ ಕಾಯಿಲೆಯನ್ನು ನೋಡಿಕೊಳ್ಳದೆ ಬಿಟ್ಟರೆ ಕೆಲವರಲ್ಲಿ ಅದು ಕ್ಯಾನ್ಸರಿಗೆ ತಿರುಗುತ್ತದೆ. ಆ ಜಾಗದಿಂದ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಲೇಬೇಕು, ಅದು ಮಡಗಾಂವಿನ ದೊಡ್ಡ ಆಸ್ಪತ್ರೆಯಲ್ಲಿ ಆಗಬೇಕು, ಜೊತೆಗೆ ಮನೆಯವರು ಒಬ್ಬರು ಇರಬೇಕು. ನಾನು ಬರುತ್ತೇನೆ ಎಂದೆ. ಆಯಿ ಬೇಡ ಎಂದು ತಲೆಯಾಡಿಸಿದಳು.

ಮಡಗಾಂವಿಗೆ ಹೋಗುವ ದಿನ ಬೆಳಿಗ್ಗೆ ನನ್ನ ಮನಸ್ಸು ತಡೆಯದೆ ಸ್ಟೇಷನ್ನಿಗೆ ಹೋದೆ. ಪ್ಲಾಟ್‌ಫಾರ್ಮಿನ ಮೇಲೆ ಅತ್ತೆ ಸೊಸೆ ಇಬ್ಬರೂ ಒಂದೇ ಬೆಂಚಿನಲ್ಲಿ ಕೂತಿದ್ದರು, ಆಯಿ ಒಂದು ಮಗ್ಗುಲಿಗೆ ಭಾರ ಹಾಕಿ ಕೂತಿದ್ದಳು. ಸೊಸೆಯ ಕಣ್ಣು ಅತ್ತು ಊದಿತ್ತು, ಆದರೆ ಇಬ್ಬರೂ ನಗುತ್ತಿದ್ದರು. ಹಿಂದಿನ ರಾತ್ರಿ ಆಯಿ ತಾನಾಗಿಯೇ ಸೊಸೆಗೆ ಹೇಳಿದ್ದಳಂತೆ. ಸೊಸೆ ಕೇಳಿ ಮುಗಿಸಿ, ಆ ಮುಲಾಮು ಕದಿಯುತ್ತಿದ್ದದ್ದು ನಾನೇ ಎಂದು ಒಪ್ಪಿಕೊಂಡಳಂತೆ. ಟ್ಯೂಬು ತಾನಾಗಿಯೇ ಸಣ್ಣಗಾಗುತ್ತಿದ್ದದ್ದು ನೋಡಿ ಆಯಿ ಇಷ್ಟು ದಿನ ಇಲಿಯನ್ನು ಬೈಯುತ್ತಿದ್ದಳು.

ರಿಪೋರ್ಟು ಬರುವ ತನಕದ ದಿನಗಳನ್ನು ನಾನು ಚೆನ್ನಾಗಿ ಕಳೆಯಲಿಲ್ಲ. ಡಾಕ್ಟರ್ ಬಾಯಿ ಅಷ್ಟರಲ್ಲೇ ಔಷಧಿ ಶುರು ಮಾಡಿಸಿದ್ದರು. ಬಲವಾದ ಸ್ಟೀರಾಯ್ಡ್ ಮುಲಾಮು, ಬೆರಳ ತುದಿಯಷ್ಟು, ಬೆಳ್ಳಗಾದ ಜಾಗಕ್ಕೆ ಮಾತ್ರ, ರಾತ್ರಿ ಒಂದೇ ಸಲ, ಆಮೇಲೆ ಅವರು ಹೇಳಿದ ಹಾಗೆ ಕಮ್ಮಿ ಮಾಡುತ್ತಾ ಬರಬೇಕು. ಸೊಸೆಯ ರೋಗವನ್ನು ಬೆಳೆಸಿದ್ದೇ ಅತ್ತೆಗೆ ಮದ್ದಾಯಿತೇ ಎಂದು ನಾನು ಕೇಳಿದಾಗ, ಅದಕ್ಕೇ ನೋಡದೆ ಕೊಡಬಾರದು ಎನ್ನುವುದು ಎಂದರು. ಎಲ್ಲಿ ಹಚ್ಚಬೇಕೆಂದು ತೋರಿಸಲು ಆಯಿಯ ಕೈಗೆ ಸಣ್ಣ ಕನ್ನಡಿ ಕೊಟ್ಟೆವು. ಮೊದಲ ಸಲ ನೋಡಿಕೊಂಡು, ‘ಇಷ್ಟ ಐತೇನ್ರಿ?’ ಎಂದಳು. ಅವಳ ಮನಸ್ಸಿನಲ್ಲಿ ಅದು ಎಷ್ಟು ಭಯಂಕರವಾಗಿತ್ತೋ ನನಗೆ ಗೊತ್ತಿಲ್ಲ.

ರಿಪೋರ್ಟು ತಂದವಳು ಸೊಸೆ. ಲಕೋಟೆಯನ್ನು ಡಾಕ್ಟರಿಗೆ ಕೊಟ್ಟು, ನನ್ನ ಕೈ ಗಟ್ಟಿಯಾಗಿ ಹಿಡಿದು ನಿಂತಳು. ಆಯಿ ಬಂದಿರಲಿಲ್ಲ, ರೊಟ್ಟಿ ಬಡಿಯುತ್ತೇನೆ, ಏನಿದ್ದರೂ ಬಂದು ಹೇಳು ಎಂದಿದ್ದಳಂತೆ. ಡಾಕ್ಟರ್ ಓದಿದರು, ಮತ್ತೊಮ್ಮೆ ಓದಿದರು, ಆಮೇಲೆ ನನ್ನ ಕಡೆ ನೋಡಿ ತಲೆಯನ್ನು ಇಲ್ಲ ಎನ್ನುವಂತೆ ಆಡಿಸಿದರು. ಇಲ್ಲ ಎಂದರೆ ಕ್ಯಾನ್ಸರ್ ಇಲ್ಲ. ಸೊಸೆಗೆ ಅದು ಬೇರೆಯಾಗಿ ಕಂಡು ಗೋಡೆಗೆ ಒರಗಿಬಿಟ್ಟಳು. ನಾನು ಅವಳ ಭುಜ ಹಿಡಿದು, ‘ಇಲ್ಲ, ಅದು ಇಲ್ಲ, ನಿಮ್ಮತ್ತೆಗೆ ಏನೂ ಆಗಲ್ಲ,’ ಎಂದು ಬಿಡಿಸಿ ಹೇಳಿದೆ. ಅವಳು ಚಪ್ಪಲಿ ಬಿಟ್ಟು ಬರಿಗಾಲಲ್ಲೇ ಸ್ಟೇಷನ್ ರಸ್ತೆಯ ಕಡೆ ಓಡಿದಳು. ಆ ಚಪ್ಪಲಿ ಸಂಜೆಯವರೆಗೂ ನಮ್ಮ ಬಾಗಿಲಲ್ಲೇ ಇತ್ತು.

ಕಾಯಿಲೆ ಪೂರ್ತಿ ಹೋಗುವಂಥದ್ದಲ್ಲ, ಹದ್ದುಬಸ್ತಿನಲ್ಲಿ ಇಟ್ಟುಕೊಳ್ಳುವಂಥದ್ದು. ಹೇಳಿದ ಸಮಯಕ್ಕೆ ಬಂದು ತೋರಿಸುತ್ತಿರಬೇಕು, ಹೊಸ ಗಂಟು, ಮಾಯದ ಹುಣ್ಣು, ರಕ್ತ ಕಂಡರೆ ಕಾಯದೆ ಬರ­ಬೇಕು. ಆಯಿ ಇದನ್ನೆಲ್ಲ ಪಾಲಿಸುತ್ತಾಳೆ. ಒಲೆ ಮೇಜಿನಿಂದ ಮತ್ತೆ ನೆಲಕ್ಕೆ ಇಳಿಯಿತು.

ಮೊನ್ನೆ ಅವಳು ಹಾಗೇ ತೋರಿಸಲು ಬಂದಿದ್ದಳು. ಈ ಸಲ ಬೆಂಚು ಖಾಲಿಯಾಗಲಿ ಎಂದು ಕಾದಿರಲಿಲ್ಲ, ತುಂಬಿದ ಬೆಂಚಿನ ನಡುವೆ ಬಟ್ಟೆಯ ಗಂಟು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅವಳನ್ನು ಕಂಡ ಖುಷಿಯಲ್ಲಿ ನನ್ನ ಹಳೆಯ ಬಾಯಿ ತೆರೆದುಕೊಂಡಿತು. ‘ಏನಾಯಿ, ತಿಂಡಿ ಆಯ್ತಾ?’ ಎಂದು ಕೂಗಿಬಿಟ್ಟೆ. ಬೆಂಚಿಗೆ ಬೆಂಚೇ ನೆಲ ನೋಡಿತು.

ಆಯಿ ಗಂಟನ್ನು ಎತ್ತಿ ತೋರಿಸಿದಳು. ‘ನನಗ ತಿಂಡಿ ಇಲ್ರಿ ಸಿಸ್ಟರವ್ವ. ನಿಮಗ ತಂದೇನಿ ನೋಡ್ರಿ.’

ಒಬ್ಬಳು ಕಿಸಕ್ಕೆಂದಳು, ಆಮೇಲೆ ತಡೆಯಲಾಗದೆ ಎಲ್ಲರೂ ನಕ್ಕರು. ನಗು ಇಳಿಯುತ್ತಿದ್ದ ಹಾಗೆ ಬೆಂಚಿನ ತುದಿಯಲ್ಲಿ ಕೂತಿದ್ದ, ಅದುವರೆಗೆ ತಲೆ ಎತ್ತದಿದ್ದ ಒಬ್ಬಳು, ತಲೆ ಎತ್ತದೆಯೇ, ‘ನನಗ ಐತ್ರಿ,’ ಎಂದಳು. ‘ಗುಳಿಗಿ ಇದ್ರ ಕೊಡ್ರಿ.’

ಆಯಿ ಸರದಿಯಲ್ಲಿ ಮೊದಲಿನವಳು. ಎದ್ದು ಹೋಗಿ ಅವಳ ಕೈ ಹಿಡಿದು ಎಬ್ಬಿಸಿ, ಪರದೆಯ ತನಕ ನಡೆಸಿಕೊಂಡು ಬಂದಳು.

‘ಮದಲ ತೋರಸು ತಂಗಿ. ಗುಳಿಗಿ ಆಮ್ಯಾಲ ಕೇಳೂವಂತಿ.’